ಓರನ್ ಐಕಲ್ ಸರಿಯಾಗಿ ಓದಿದ ಭಾನುವಾರ

ಆ ಭಾನುವಾರ ಲಿಟಲ್ ಹ್ಯಾಡಕ್‌ನಲ್ಲಿ ನಡೆದ ಅಷ್ಟೂ ಅನಾಹುತಕ್ಕೆ ಕಾರಣ ಇಷ್ಟೇ: ಓರನ್ ಐಕಲ್ ಚರ್ಚಿನ ಪ್ರಕಟಣೆಯನ್ನು ಒಂದಕ್ಷರವೂ ತಪ್ಪಿಲ್ಲದೆ ಓದಿಬಿಟ್ಟ.

"ಇವತ್ತು ಸಂಜೆ ಐದು ಗಂಟೆಗೆ ಬೆಂಕಿಮನೆಯಲ್ಲಿ ಊಟ. ಹೆಂಗಸರು ಹಣ್ಣಿನ ಪೈ ಮಾಡಿ ತರಬೇಕು. ಗಂಡಸರು ಕುರ್ಚಿ ಹೊತ್ತು ತರಬೇಕು. ಊಟ ಆದಮೇಲೆ ಸಮಿತಿ ಸಭೆ."

ಓದಿ ಮುಗಿಸಿ, ಸಾಲಿನ ಕೆಳಗಿಂದ ಎಡಗೈ ಬೆರಳು ತೆಗೆದು, ಅವನು ಮೆಲ್ಲಗೆ ತಲೆಯೆತ್ತಿದ. ಯಾರಾದರೂ ಎದ್ದುನಿಂತು ಚಪ್ಪಾಳೆ ತಟ್ಟಬಹುದು ಎಂದುಕೊಂಡಿದ್ದ. ಕೊನೆಗೆ ಒಂದು ಜೊತೆ ಕಣ್ಣಾದರೂ ಒದ್ದೆಯಾಗಬಹುದು ಎಂದುಕೊಂಡಿದ್ದ. ಮುಂದಿನ ಬೆಂಚಿನಲ್ಲಿ ಕಾರ್ಲ್ಟನ್ ಮೋಶರ್ ಹಿಂದಿನ ಹಲ್ಲೆಲ್ಲ ಕಾಣುವಂತೆ ಆಕಳಿಸಿದ. ಓರನ್‌ನ ಹೆಂಡತಿ ಲವೀನಿಯ ಕೈಚೀಲದೊಳಗೆ ಪೆಪ್ಪರ್ಮೆಂಟು ಹುಡುಕುತ್ತಿದ್ದಳು. ಕಿಟಕಿಯಾಚೆ ಸಮುದ್ರ ಬಿಸಿಲಿನಲ್ಲಿ ಹೊಟ್ಟೆ ಮೇಲೆ ಮಾಡಿ ಮಲಗಿದ್ದ ಬೂದು ಬೆಕ್ಕಿನ ಹಾಗಿತ್ತು. ಅದೂ ಇತ್ತ ತಿರುಗಿ ನೋಡಲಿಲ್ಲ.

ಹಿಂದಿನ ವರ್ಷ ಚಳಿಗಾಲದಲ್ಲಿ ಓರನ್‌ಗೆ ಪಾರ್ಶ್ವವಾಯು ಹೊಡೆದಿತ್ತು. ಕಾಲು ಸುಧಾರಿಸಿತು. ಬಲಗೈ ಮಾತ್ರ ಒದ್ದೆಯಾದ ಉಣ್ಣೆಯ ಕೈಗವಸಿನಂತೆ ಭುಜದಿಂದ ನೇತಾಡುತ್ತ ಉಳಿದುಬಿಟ್ಟಿತು. ಮಾತಿಗೆ ಆದದ್ದನ್ನು ಡಾಕ್ಟರು 'ಅಫೇಸಿಯಾ' ಎಂದರು. ಊರಿನವರ ಕಿವಿಗೆ ಅದು ಏಳು ಸಮುದ್ರದಾಚೆಯ ರಾಜಕುಮಾರಿಯ ಹೆಸರಿನಂತೆ ಕೇಳಿಸಿತು. ಓರನ್‌ನ ಬುದ್ಧಿಗೆ ಏನೂ ಆಗಿರಲಿಲ್ಲ. ಕಾಗದದ ಮೇಲಿದ್ದುದು ಅವನಿಗೆ ಅಚ್ಚುಕಟ್ಟಾಗಿ ಅರ್ಥವಾಗುತ್ತಿತ್ತು. ಆದರೆ ಗಟ್ಟಿಯಾಗಿ ಓದಲು ಬಾಯಿ ತೆರೆದನೋ, ಕತ್ತಲ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಗೆ ಚಾಚಿದ ಕೈಗೆ ಉಪ್ಪಿನ ಡಬ್ಬಿ ಸಿಕ್ಕ ಹಾಗೆ, ಬೇಕಾದ ಮಾತಿನ ಪಕ್ಕದಲ್ಲಿ ಕೂತಿದ್ದ ಮಾತು ಈಚೆ ಬರುತ್ತಿತ್ತು. 'ಹೆಂಗಸರು' ಎಂದು ಬರೆದಿದ್ದರೆ 'ಗಂಡಸರು' ಎನ್ನುತ್ತಿದ್ದ. ಬೆಂಕಿ ನೀರಾಗುತ್ತಿತ್ತು. ಹೌದು ಇಲ್ಲವಾಗುತ್ತಿತ್ತು.

ಮೀಸೆ ಚಿಗುರಿದಾಗಿನಿಂದಲೂ ಚರ್ಚಿನ ಓದುಪೀಠ ಓರನ್‌ದೇ. ಅದನ್ನು ಅವನಿಂದ ಕಿತ್ತುಕೊಳ್ಳುವ ಮನಸ್ಸು ಯಾರಿಗೂ ಬರಲಿಲ್ಲ. ಅದರ ಬದಲು ಊರೇ ಅವನ ಭಾಷೆ ಕಲಿತುಬಿಟ್ಟಿತು. ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಬಾಗಿಲ ಬಳಿ ಗುಂಪುಗೂಡುವುದು, ಆರ್ಗನ್ ಬಾರಿಸುವ ಹಿಲ್ಡಾ ಜಿಂಕ್ ಆವತ್ತಿನ ಪ್ರಕಟಣೆಯನ್ನು ತಿರುವಿಹಾಕಿ ಅರ್ಥ ಹೇಳುವುದು, ಇದೊಂದು ಪದ್ಧತಿಯೇ ಆಯಿತು. ಕನಸಿನ ಫಲ ಹೇಳುವ ಮುದುಕಿಯ ಗತ್ತು ಹಿಲ್ಡಾಳದು. ವಸಂತದಲ್ಲಿ ಓರನ್ "ಹೆಂಗಸರೆಲ್ಲ ದೋಣಿ ನಿಲ್ಲುವ ಜೆಟ್ಟಿಯ ಹಲಗೆ ರಿಪೇರಿಗೆ ಬನ್ನಿ" ಎಂದು ಓದಿದಾಗ, ಗಂಡಸರು ತುಟಿಪಿಟಕ್ಕೆನ್ನದೆ ಸುತ್ತಿಗೆ ಹಿಡಿದು ಹೋಗಿದ್ದರು.

ಆದರೆ ಕರುಣೆಯಿಂದ ಸಿಕ್ಕ ಪೀಠ ಓರನ್‌ಗೆ ಬೇಡವಾಗಿತ್ತು. ಮೇಲಾಗಿ, ಮಂಜಿನ ದಿನ ದೀಪಸ್ತಂಭದಿಂದ ಊದುವ ಕೊಂಬಿನಂಥ ಗಂಟಲಿನ ಕಾರ್ಲ್ಟನ್ ಮೋಶರ್ ಆ ಪೀಠದ ಮೇಲೆ ಕಣ್ಣಿಟ್ಟಿದ್ದ. ಇನ್ನು ಮುಂದೆ ಯಾರು ಓದಬೇಕು ಎನ್ನುವುದು ಆ ಸಂಜೆಯ ಸಮಿತಿ ಸಭೆಯಲ್ಲಿ ತೀರ್ಮಾನವಾಗಲಿತ್ತು. ಅದಕ್ಕೇ ಓರನ್ ಬೇಸಿಗೆಯಿಡೀ ಬುಧವಾರ ಬುಧವಾರ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಸಿಮೋನ್ ಎಂಬ ಮಾತಿನ ಟೀಚರ್ ಜೊತೆ ಕೂತು ಓದಿದ್ದ. ಅವಳ ವಿಧಾನ ಸರಳ. ಇಬ್ಬರೂ ಒಂದೇ ಸಾಲಿನ ಕೆಳಗೆ ಬೆರಳಿಟ್ಟು, ಒಂದೇ ಉಸಿರಿಗೆ, ಒಟ್ಟಿಗೆ ಗಟ್ಟಿಯಾಗಿ ಓದುವುದು, ಮತ್ತೆ ಓದುವುದು, ಮತ್ತೂ ಓದುವುದು. ಮಗುವಿಗೆ ಸೈಕಲ್ ಕಲಿಸುವವರು ಹಿಂದಿನಿಂದ ಕೈ ಬಿಡುವ ಹಾಗೆ, ನಡುವೆ ಯಾವಾಗಲೋ ಅವಳು ತನ್ನ ದನಿಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಳ್ಳುತ್ತಿದ್ದಳು. ಮನೆಗೆ ಬಂದು ಅವನು ಬಲೆಗಳ ಕೊಟ್ಟಿಗೆಯಲ್ಲಿ ಕೂತು ಕಡಲಹಕ್ಕಿಗಳಿಗೆ ಓದಿ ಹೇಳುತ್ತಿದ್ದ. ಲವೀನಿಯಳಿಗೂ ಗುಟ್ಟು ಬಿಟ್ಟುಕೊಟ್ಟಿರಲಿಲ್ಲ. ಅವಳು ಬೆಚ್ಚಿಬೀಳಬೇಕು ಎಂದು ಆಸೆ.

ಅವಳು ಬೆಚ್ಚಲೂ ಇಲ್ಲ, ಅವಳಿಗೆ ಪೆಪ್ಪರ್ಮೆಂಟೂ ಸಿಕ್ಕಿರಲಿಲ್ಲ.

ಬಾಗಿಲ ಬಳಿ ಹಿಲ್ಡಾ ಆಗಲೇ ಕನ್ನಡಕ ಏರಿಸಿ ನಿಂತಿದ್ದಳು.

"ಗಂಟೆ ಐದೇ. ಅಂಕಿಯಲ್ಲಿ ನಮ್ಮ ಓರನ್ ಯಾವತ್ತೂ ತಪ್ಪೋದಿಲ್ಲ," ಎಂದಳು. "ಬೆಂಕಿ ಅಂದ್ರೆ ನೀರು. ನೀರಿನ ಮೇಲಿರೋ ಮನೆ ಯಾವ್ದು? ಜೆಟ್ಟಿಯ ದೋಣಿಮನೆ. ಅಲ್ಲಿ ಊಟ."

"ಮತ್ತೆ ಪೈ?" ಎಂದು ಯಾರೋ ಕೇಳಿದರು.

ಹಿಲ್ಡಾ ಸುತ್ತ ನಿಂತ ಗಂಡಸರನ್ನೆಲ್ಲ ಒಮ್ಮೆ ನೋಡಿದಳು. ಅವಳ ಮುಖದ ಮೇಲೆ ಸೂರ್ಯ ಹುಟ್ಟಿದಂತಾಯಿತು.

"ಹೆಂಗಸರು ಅಂತ ಓದಿದ. ಅಂದ್ರೆ, ಪೈ ಗಂಡಸರು ಮಾಡ್ಬೇಕು."

"ಏನಂದೆ?" ಎಂದು ಕಾರ್ಲ್ಟನ್ ಊದಿದ.

"ನಾನೆಲ್ಲಿ ಅಂದೆ? ಪಾದ್ರಿಗಳು ಬರೆದಿದ್ದು. ಹೊಸಬರು, ಹ್ಯಾಲಿಫ್ಯಾಕ್ಸ್ ಪಟ್ಟಣದವರು. ಆ ಕಡೆ ಈಗ ಗಂಡಸರೇ ಮಾಡೋದಂತೆ ಎಲ್ಲಾನೂ. ಕುರ್ಚಿ ನಾವು ಹೊರ್ತೀವಿ ಬಿಡು ಕಾರ್ಲ್ಟನ್, ನಿಂಗ್ಯಾಕೆ ಸೊಂಟ ನೋವು!"

ಓರನ್ ಗುಂಪಿನೊಳಕ್ಕೆ ನುಗ್ಗಿದ. ಸಿಮೋನ್ ಹೇಳಿಕೊಟ್ಟ ಹಾಗೆ ಉಸಿರೆಳೆದುಕೊಂಡು, ಒಂದೊಂದೇ ಮಾತನ್ನು ಮೊಟ್ಟೆಯಂತೆ ಎತ್ತಿ ಇಟ್ಟ.

"ನಾನು... ಸರಿಯಾಗಿ... ಓದಿದೆ."

ಎಲ್ಲರೂ 'ಅಯ್ಯೋ ಪಾಪ' ಎಂಬಂತೆ ನೋಡಿದರು.

"ತಪ್ಪಾಗಿ ಓದಿದೆ ಅಂತಿದಾನೆ," ಎಂದು ಹಿಲ್ಡಾ ಅವನ ಬೆನ್ನು ಸವರಿದಳು. "ಗೊತ್ತು ಕಣಪ್ಪ. ನಾವೇನಾದ್ರೂ ಅಂದ್ವಾ? ಬೇಜಾರು ಮಾಡ್ಕೋಬೇಡ."

ಓರನ್ ಪ್ರಕಟಣೆಯ ಕಾಗದಕ್ಕಾಗಿ ಹಿಂದೆ ತಿರುಗಿದ. ಆ ಕಾಗದವನ್ನು ಹಿಲ್ಡಾ ಪ್ರತಿವಾರದಂತೆ ಮಡಚಿ, ಆರ್ಗನ್ ಮುಂದಿನ ಸ್ಟೂಲಿನ ಅಲ್ಲಾಡುವ ಕಾಲಿಗೆ ಕೊಟ್ಟಿದ್ದಳು. ಪಾದ್ರಿ ಪ್ರೆಸ್ಟನ್ ಚರ್ಚಿಗೆ ಬೀಗ ಹಾಕಿ, ಪಕ್ಕದೂರಿನ ಪ್ರಾರ್ಥನೆಗೆ ಹೊತ್ತಾಯಿತೆಂದು ಕಾರು ಹತ್ತಿ ಹೊರಟೇಹೋಗಿದ್ದರು. ಧೂಳು ಮಾತ್ರ ಓರನ್‌ನ ಪಾಲಿಗೆ ಉಳಿಯಿತು.

ಮನೆಗೆ ಬಂದವಳೇ ಲವೀನಿಯ ಬೂಟು ಕಳಚಿ, ಕಾಲನ್ನು ಸ್ಟೂಲಿನ ಮೇಲಿಟ್ಟು, ಚಹಾ ಬಟ್ಟಲು ಹಿಡಿದು ಕೂತಳು. ಮೇಜಿನ ಮೇಲೆ ಹಿಟ್ಟಿನ ಡಬ್ಬ, ಬೆಣ್ಣೆ, ದೊಡ್ಡ ಬೋಗುಣಿ, ಒಂದು ಬುಟ್ಟಿ ಬ್ಲೂಬೆರಿ.

ಓರನ್ ಅವುಗಳನ್ನು ನೋಡಿದ. ಲವೀನಿಯ ಓರನ್‌ನನ್ನು ನೋಡಿದಳು.

"ಏನು ನೋಡ್ತಿದ್ದೀಯ? ನೀನೂ ಗಂಡಸೇ ತಾನೆ? ಶುರು ಹಚ್ಕೋ."

"ಹೆಂಗಸರು!" ಎಂದ ಓರನ್, ಎಡಗೈಯಿಂದ ಮೇಜು ಗುದ್ದಿ.

"ಹೂಂ, ಗಂಡಸರೇ. ನಾನೂ ಅದೇ ಹೇಳಿದ್ದು."

ಆಗ ಓರನ್‌ಗೆ ಒಂದು ಉಪಾಯ ಹೊಳೆಯಿತು. ಹೇಗೂ ಇವರೆಲ್ಲ ತಿರುವಿಹಾಕಿಯೇ ಕೇಳುವವರು. ಬೇಕೆಂದೇ ತಪ್ಪು ಹೇಳಿದರೆ ಸರಿಯಾಗಿ ತಲುಪುತ್ತದಲ್ಲ! 'ಗಂಡಸರು' ಎಂದುಬಿಟ್ಟರಾಯಿತು. ವರ್ಷವಿಡೀ ಕರೆಯದೆಯೇ ಬಂದು ನಾಲಿಗೆಯ ಮೇಲೆ ಕೂರುತ್ತಿದ್ದ ಮಾತು ಅದು, ಸಾಕಿದ ಬೆಕ್ಕಿನಂತೆ. ಅವನು ಬಾಯಿ ತೆರೆದು ಅದನ್ನು ಕರೆದ.

"ಹೆಂಗಸರು," ಎಂದಿತು ನಾಲಿಗೆ.

ಮತ್ತೆ ಕರೆದ.

"ಹೆಂಗಸರು."

ಬೇಡವೆಂದಾಗೆಲ್ಲ ಕಾಲಿಗೆ ಸುತ್ತಿಕೊಂಡಿದ್ದ ಬೆಕ್ಕು ಬೇಕೆಂದ ದಿನ ಛಾವಣಿ ಹತ್ತಿ ಕೂತಿತ್ತು.

"ಒಪ್ಕೊಂಡೆ ಅಂತಾಯ್ತು," ಎಂದು ಲವೀನಿಯ ಚಹಾ ಗುಟುಕರಿಸಿದಳು. "ತೋಳು ಮಡಚು, ಅಂಗಿ ಕಫ್ ಎಲ್ಲ ಹಿಟ್ಟಾಗತ್ತೆ. ಇರು, ನಾನೇ ಮಡಚ್ತೀನಿ."

ಒಂದು ಕೈಯಲ್ಲಿ ಹಿಟ್ಟು ನಾದಿದವರಿಗಷ್ಟೇ ಗೊತ್ತು ಅದರ ಕಷ್ಟ. ಬೋಗುಣಿ ಓಡುತ್ತದೆ, ಅದನ್ನು ಹಿಡಿಯಲು ಇನ್ನೊಂದು ಕೈ ಬೇಕು. ಇನ್ನೊಂದು ಕೈ ಸುಮ್ಮನೆ ಪಕ್ಕದಲ್ಲಿ ನೇತಾಡುತ್ತ ತಮಾಷೆ ನೋಡುತ್ತದೆ. ಓರನ್ ಬೋಗುಣಿಯನ್ನು ಮೇಜಿನ ಅಂಚಿಗೂ ಹೊಟ್ಟೆಗೂ ನಡುವೆ ಸಿಕ್ಕಿಸಿ, ದೋಣಿಗೆ ಹತ್ತಿದ ಸೀಲ್ ಮರಿಯ ಹಾಗೆ ಒಳಗೆ ಒದ್ದಾಡುತ್ತಿದ್ದ ಹಿಟ್ಟನ್ನು ಅದುಮಿ ಹಿಡಿದ. ಅಷ್ಟರಲ್ಲಿ ಹಿತ್ತಲ ಬಾಗಿಲು ದಡಾರೆಂದಿತು. ಕಾರ್ಲ್ಟನ್ ಮೋಶರ್. ಹುಬ್ಬು ಬೆಳ್ಳಗಾಗಿತ್ತು. ಹೊಟ್ಟೆಯ ಮೇಲೆ ಹೆಂಡತಿಯ ಹೂವಿನ ಏಪ್ರನ್ ಅಂಗೈಯಗಲದಷ್ಟು ಕಾಣುತ್ತಿತ್ತು.

"ಲವೀನಿಯ, ನಿಮ್ಮ ಲಟ್ಟಣಿಗೆ ಕೊಡು. ನನ್ನ ಹೆಂಡ್ತಿ ನಮ್ಮದನ್ನ ಬಚ್ಚಿಟ್ಟಿದಾಳೆ. ಕೇಳಿದ್ರೆ ನಗ್ತಾಳೆ."

"ಓರನ್‌ನ ಕೇಳು. ಇವತ್ತು ಅಡುಗೆಮನೆ ಅವನ್ದು."

ಕಾರ್ಲ್ಟನ್ ಓರನ್‌ನ ಪಕ್ಕಕ್ಕೆ ಬಂದು ದನಿ ತಗ್ಗಿಸಿದ. ಅವನು ದನಿ ತಗ್ಗಿಸಿದರೂ ಪಕ್ಕದ ಮನೆಯ ನಾಯಿ ಎದ್ದು ಕೂರುತ್ತಿತ್ತು.

"ನೋಡು ಮಾರಾಯ, ಪೀಠದ ವಿಷಯ ಬೇರೆ, ಇದು ಬೇರೆ. ಕಷ್ಟದಲ್ಲಿದೀನಿ. ಬೆರಿಗೆ ಬಟ್ಟಲು ತುಂಬಾ ಒಂದು ಬಿಳೀದು ಹಾಕ್ಬೇಕಲ್ಲ, ಅದು ಸಕ್ಕರೆನಾ, ಉಪ್ಪಾ?"

ಪೀಠ ಕಿತ್ತುಕೊಳ್ಳಲು ಬಂದವನಾದರೂ ಓರನ್‌ಗೆ ಕನಿಕರ ಹುಟ್ಟಿತು. ಉಸಿರೆಳೆದು ಸ್ಪಷ್ಟವಾಗಿ ಹೇಳಿದ: "ಸಕ್ಕರೆ."

"ಉಪ್ಪು! ನಾನೂ ಹಾಗೇ ಅಂದ್ಕೊಂಡೆ," ಎಂದ ಕಾರ್ಲ್ಟನ್. "ನಿನ್ನಿಂದ ಉಪಕಾರ ಆಯ್ತು ಕಣೋ. ಉಳಿದೋರಿಗೂ ಹೇಳ್ತೀನಿ."

"ಇಲ್ಲ! ಇಲ್ಲ!" ಎಂದು ಓರನ್ ಹಿಂದೆ ಓಡಿದ.

"ಹೌದು ಹೌದು, ಗೊತ್ತಾಯ್ತು!" ಎಂದು ಕಾರ್ಲ್ಟನ್ ಲಟ್ಟಣಿಗೆ ಬೀಸುತ್ತ ಬೇಲಿ ದಾಟಿದ. ಸ್ವಲ್ಪ ಹೊತ್ತಿನಲ್ಲೇ ಅವನ ಕೊಂಬಿನ ದನಿ ಮನೆಯಿಂದ ಮನೆಗೆ ಹಾಯುತ್ತ ಕೊಲ್ಲಿಯುದ್ದಕ್ಕೂ ಕೇಳಿಸಿತು: "ಉಪ್ಪು! ಬಟ್ಟಲು ತುಂಬಾ!"

ಸಂಜೆ ಐದು ಸಮೀಪಿಸಿದಾಗ ಬೀದಿಯಲ್ಲಿ ಒಂದು ಮೆರವಣಿಗೆ ಹೊರಟಿತ್ತು. ಮುಂದೆ ಹೆಂಗಸರು, ಒಬ್ಬೊಬ್ಬರ ಕಂಕುಳಲ್ಲೂ ಎರಡೆರಡು ಮಡಚುವ ಕುರ್ಚಿ, ಬಾಯಲ್ಲಿ ಹಾಡು. ಹಿಂದೆ ಗಂಡಸರು. ಬಿರುಗಾಳಿಯಲ್ಲಿ ಬಲೆ ಎಳೆದವರು, ಐಸ್‌ಗಡ್ಡೆ ಒಡೆದವರು, ಈಗ ಎರಡೂ ಕೈಯಲ್ಲಿ ಒಂದೊಂದು ಪೈ ಹಿಡಿದು, ಮಲಗಿದ ಮಗುವನ್ನು ಹೊತ್ತವರ ಹಾಗೆ ಹೆಜ್ಜೆ ನೋಡಿ ನೋಡಿ ಇಡುತ್ತಿದ್ದರು. ಒಂದು ಪೈ ಕರಕಲಾಗಿತ್ತು. ಒಂದರ ಮೇಲೆ ಹೆಬ್ಬೆರಳ ಗುರುತು. ಎಲ್ಲರೂ ಜೆಟ್ಟಿಯ ಕಡೆಗೆ ತಿರುಗಿದರು.

ಓರನ್ ತನ್ನ ಪೈ ಹಿಡಿದು ಕವಲಿನಲ್ಲಿ ನಿಂತ. ಎಡಕ್ಕೆ ದೋಣಿಮನೆ, ಅಲ್ಲಿ ಊರು. ಬಲಕ್ಕೆ ಬೆಂಕಿಮನೆ, ಅಲ್ಲಿ ಊಟ. ಅವನು ಬಲಕ್ಕೆ ತಿರುಗಿದ.

"ಓರನ್! ಆ ಕಡೆ ಅಲ್ಲ ಕಣೋ!" ಎಂದು ಲವೀನಿಯ ಕೂಗಿದಳು. "ಬಿಡಿ, ಅವನಿಗೀಗ ದಾರೀನೂ ತಿರುವುಮುರುವು ಆಗ್ತಿದೆ. ಗಾಳಿ ತಗೊಂಡು ಬರ್ತಾನೆ."

ಬೆಂಕಿಮನೆ ಅಂದರೆ ಊರಿನ ಬೆಂಕಿ ನಂದಿಸುವ ಗಾಡಿ ನಿಲ್ಲುವ ಹಾಲ್. ಗಾಡಿಯನ್ನು ಹೊರಗೆ ನಿಲ್ಲಿಸಿ, ಒಳಗೆ ಉದ್ದ ಮೇಜು ಹಾಸಲಾಗಿತ್ತು. ಹ್ಯಾಮ್, ಬೇಯಿಸಿದ ಬೀನ್ಸ್, ಹುಳಿ ಕ್ಯಾಬೇಜು ಹೊಗೆಯಾಡುತ್ತಿದ್ದವು. ಅಷ್ಟುದ್ದದ ಮೇಜಿನ ಪಕ್ಕ ಇಬ್ಬರೇ ನಿಂತಿದ್ದರು: ಪಾದ್ರಿ ಪ್ರೆಸ್ಟನ್ ಮತ್ತು ಓರನ್‌ನ ಗೆಲುವು ನೋಡಲೆಂದೇ ಬಂದಿದ್ದ ಸಿಮೋನ್. ಒಂದು ಕುರ್ಚಿಯೂ ಇರಲಿಲ್ಲ.

"ಓರನ್ ಅವರೇ! ಬೆಳಿಗ್ಗೆ ಓದಿದ್ದು ಹೇಗಾಯ್ತು?" ಎಂದಳು ಸಿಮೋನ್.

ಓರನ್ ಪೈ ಕೆಳಗಿಟ್ಟ. ಹೇಳಬೇಕಾದದ್ದು ಗಂಟಲಲ್ಲಿ ಗುಂಪುಗುಂಪಾಗಿ ನೂಕಾಡಿತು. ದೋಣಿಮನೆ, ಉಪ್ಪು, ಹೆಂಗಸರು, ಹಿಲ್ಡಾ, ಎಲ್ಲ ಒಂದೇ ಬಾಗಿಲಲ್ಲಿ ತೂರಲು ಹೊರಟು ಯಾವುದೂ ಬರಲಿಲ್ಲ. ಅವನ ಕಣ್ಣು ಗೋಡೆಯ ಮೇಲಿನ ಕೆಂಪು ಹಿಡಿಯ ಮೇಲೆ ಬಿತ್ತು. ಮಾತು ಬೇಡದ ಮಾತು ಅದು. ಎಡಗೈಯಿಂದ ಜಗ್ಗಿದ.

ಸೈರನ್ ಆಕಾಶಕ್ಕೆ ಏಣಿ ಹಾಕಿ ಹತ್ತಿತು.

ದೋಣಿಮನೆಯಲ್ಲಿ ಊರೇ ಬೆಚ್ಚಿತು. ಊರಿನ ಬೆಂಕಿ ನಂದಿಸುವವರೆಲ್ಲ ಪೈ ಹಿಡಿದು ನಿಂತಿದ್ದ ಆ ಗಂಡಸರೇ.

"ಸೈರನ್ ಜಗ್ಗಿದೋರು ಯಾರು?"

"ಇನ್ಯಾರು, ಓರನ್! ಆ ಕಡೆ ಹೋಗಿದ್ದು ಅವನೊಬ್ನೇ."

"ಓರನ್ ಬೆಂಕಿ ಅಂದ್ರೆ..." ಎಂದು ಕಾರ್ಲ್ಟನ್ ಶುರುಮಾಡಿದ. ಅಷ್ಟರಲ್ಲಿ ಸಮುದ್ರದ ಉಬ್ಬರದ ನೀರು ಹಲಗೆಗಳ ಸಂದಿಯಿಂದ ಚಿಮ್ಮಿ ಅವನ ಬೂಟಿನೊಳಕ್ಕೆ ಇಳಿಯಿತು. ಎಲ್ಲರೂ ಕೆಳಗೆ ನೋಡಿದರು.

"ನೀರು!" ಎಂದು ಹಿಲ್ಡಾ ಚೀರಿದಳು. "ನಾನು ಹೇಳ್ಲಿಲ್ವಾ!"

ಹಾಗಾಗಿ, ಬೆಂಕಿಮನೆಯ ಬಾಗಿಲಿಗೆ ಊರು ಬಂದು ತಲುಪಿದಾಗ ಗಂಡಸರೆಲ್ಲ ಏಪ್ರನ್ ಮೇಲೆ ಲೈಫ್ ಜಾಕೆಟ್ ತೊಟ್ಟಿದ್ದರು, ಪೈಗಳನ್ನು ತಲೆಯ ಮೇಲೆ ಹೊತ್ತಿದ್ದರು. ಹೆಂಗಸರ ಲಂಗ ಮೊಣಕಾಲಿನವರೆಗೆ ಒದ್ದೆ. ಒಂದು ಕುರ್ಚಿ ಕೊಲ್ಲಿಯ ಕಡೆ ತೇಲಿಹೋಗಿತ್ತು.

ಪಾದ್ರಿ ಪ್ರೆಸ್ಟನ್ ಲೈಫ್ ಜಾಕೆಟ್ಟಿನಿಂದ ಪೈಗೆ, ಪೈಯಿಂದ ಒದ್ದೆ ಕುರ್ಚಿಗೆ ಕಣ್ಣು ಹಾಯಿಸಿದರು. ಆಮೇಲೆ ಕೇಳಿದರು: "ದೋಣಿಮನೆಗೆ ಯಾಕೆ ಹೋದ್ರಿ?"

"ನೀವೇ ಬರೆದಿದ್ರಲ್ಲ ಪಾದ್ರಿಗಳೇ," ಎಂದಳು ಹಿಲ್ಡಾ.

"ನಾನು ಬರೆದಿದ್ದು ಬೆಂಕಿಮನೆ. ಹೆಂಗಸರು ಪೈ, ಗಂಡಸರು ಕುರ್ಚಿ."

"ಆದ್ರೆ ಓರನ್ ಓದಿದ್ದು..." ಎಂದು ಹೊರಟ ಹಿಲ್ಡಾ ಬಾಯಿ ತೆರೆದಂತೆಯೇ ನಿಂತಳು. ಓದಿದ್ದು ಏನು ಎನ್ನುವುದು ನಿಧಾನವಾಗಿ ಒಬ್ಬೊಬ್ಬರ ಮುಖದ ಮೇಲೂ ಇಳಿಯಿತು.

"ಸರಿಯಾಗಿ ಓದಿದ್ನಾ?" ಎಂದು ಕಾರ್ಲ್ಟನ್ ಪಿಸುಗುಟ್ಟಿದ. ದೂರದಲ್ಲಿ ನಾಯಿ ಬೊಗಳಿತು.

ಸಿಮೋನ್ ಗೋಡೆಗೆ ಅಂಟಿಸಿದ್ದ ಸೂಚನೆಯನ್ನು ಕಿತ್ತು ಓರನ್‌ನ ಮುಂದಿಟ್ಟಳು. ಓರನ್ ಬೆರಳಿಟ್ಟ. ಸಿಮೋನ್ ತುಟಿ ಬಿಚ್ಚಲಿಲ್ಲ. ಬೆಂಕಿ ನಂದಿಸುವ ಗಾಡಿಯ ಎಣ್ಣೆ, ಟೈರು, ಮೆದುಗೊಳವೆಗಳ ಬಗೆಗಿನ ಆ ಸಪ್ಪೆ ಸೂಚನೆಯನ್ನು ಓರನ್ ಕೊನೆಯ ಚುಕ್ಕಿಯವರೆಗೆ, ನಿಂತು ನಿಂತು, ಒಂದೂ ಮಾತು ಜಾರದಂತೆ ಓದಿದ. ಈ ಸಲ ಊರು ಎದ್ದುನಿಂತು ಚಪ್ಪಾಳೆ ತಟ್ಟಿತು; ಕುರ್ಚಿಗಳೆಲ್ಲ ಒದ್ದೆಯಾಗಿದ್ದರಿಂದ ಹೇಗೂ ನಿಂತೇ ಇತ್ತು. ಲವೀನಿಯ ಅವನ ಕೆನ್ನೆಗೆ ಕೆನ್ನೆ ಒತ್ತಿ, "ಕಳ್ಳ! ನಂಗೂ ಹೇಳ್ಲಿಲ್ಲ ಅಲ್ವಾ?" ಎಂದು ಅತ್ತಳು; ಅವನ ಕೆನ್ನೆಯ ಹಿಟ್ಟು ಅವಳ ಕೆನ್ನೆಗೂ ಮೆತ್ತಿತು.

ಊಟವಾಯಿತು. ಪೈಗಳನ್ನು ಬಾಯಿಗಿಟ್ಟ ಗಂಡಸರ ಮುಖ ನೋಡಿ ಹೆಂಗಸರಿಗೆ ಜನ್ಮಕ್ಕಾಗುವಷ್ಟು ಸುಖವಾಯಿತು. ಓರನ್‌ನ ಪೈಯಲ್ಲಿ ಮಾತ್ರ ಸಕ್ಕರೆ ಇತ್ತು, ಅದು ಕ್ಷಣದಲ್ಲಿ ಖಾಲಿಯಾಯಿತು.

ಹಿಲ್ಡಾ ಚಮಚದಿಂದ ಲೋಟ ಬಡಿದು ಸಮಿತಿ ಸಭೆ ಶುರುಮಾಡಿದಳು.

"ಪೀಠ ಓರನ್‌ದೇ. ಇದರಲ್ಲಿ ಮಾತಿಲ್ಲ."

"ಮಾತಿಲ್ಲ," ಎಂದ ಕಾರ್ಲ್ಟನ್, ನಾಲಿಗೆಯ ಉಪ್ಪು ತೊಳೆಯಲು ಮೂರನೆಯ ಲೋಟ ನೀರೆತ್ತುತ್ತ.

ಓರನ್‌ಗೆ ಎದೆ ಉಬ್ಬಿತು.

"ಆದ್ರೆ ಒಂದು," ಎಂದಳು ಹಿಲ್ಡಾ. "ಅವನು ಕೆಲವು ಸಲ ಸರಿಯಾಗಿ ಓದ್ತಾನೆ, ಕೆಲವು ಸಲ ತಿರುವಿ ಓದ್ತಾನೆ. ನಮಗೆ ಗೊತ್ತಾಗೋದು ಹೇಗೆ? ಇವತ್ತಿನ ಹಾಗೆ ನೀರಲ್ಲಿ ನಿಲ್ಬೇಕಾ? ಜಾಗ, ಗಂಟೆ ಪಾದ್ರಿಗಳೇ ಹೇಳ್ಲಿ. ಯಾವ ಕೆಲಸ ಯಾರದು ಅನ್ನೋದನ್ನ ಓರನ್ ಓದ್ಲಿ. ಓದಿ ಆದ್ಮೇಲೆ ಒಂದು ಕೈ ಎತ್ಲಿ. ಬಲಗೈ ಎತ್ತಿದ್ರೆ ಓದಿದ್ದು ಸರಿ, ಹಾಗೇ ತಗೋಬೇಕು. ಎಡಗೈ ಎತ್ತಿದ್ರೆ ತಿರುವಿ ತಗೋಬೇಕು. ಸುಲಭ ಅಲ್ವಾ?"

"ಭಾರಿ ಸುಲಭ!" ಎಂದರು ಗಂಡಸರು. ಪಾದ್ರಿಗಳೂ ತಲೆದೂಗಿದರು. ಕೈಗಳು ಮೇಲೆದ್ದವು, ನಿರ್ಣಯ ಪಾಸಾಯಿತು. ಸಿಮೋನ್ ಏನೋ ಹೇಳಲು ಎದ್ದಳು. ಲವೀನಿಯ ಅವಳ ತಟ್ಟೆಗೆ ದೊಡ್ಡದೊಂದು ತುಂಡು ಹ್ಯಾಮ್ ಹಾಕಿ ಕೂರಿಸಿದಳು.

ಓರನ್ ಹೆಂಡತಿಯ ಕಡೆ ನೋಡಿದ. ವರ್ಷದಿಂದ ದಿನಾ ಬೆಳಿಗ್ಗೆ ಅವನ ಬಲತೋಳನ್ನು ಅಂಗಿಯೊಳಗೆ ತೂರಿಸಿ ಗುಂಡಿ ಹಾಕುತ್ತಿದ್ದವಳು ಅವಳೇ. ಆ ಕೈ ಒಂದು ಚಮಚ ಎತ್ತಿದ್ದನ್ನೂ ಅವಳು ನೋಡಿರಲಿಲ್ಲ. ಲವೀನಿಯ ಕಿಟಕಿಯಾಚೆ ಸಮುದ್ರವನ್ನೇ ಮೊದಲ ಸಲ ಕಂಡವಳಂತೆ ನೋಡುತ್ತಿದ್ದಳು. ಹಿಲ್ಡಾ ಕನ್ನಡಕ ಒರೆಸುತ್ತಿದ್ದಳು. ಮೇಜಿನ ಆ ಬದಿಯ ಹೆಂಗಸರೆಲ್ಲ ಇದ್ದಕ್ಕಿದ್ದಂತೆ ತಮ್ಮ ತಮ್ಮ ಬಟ್ಟಲಿನಲ್ಲಿ ಮುಖ ಹುದುಗಿಸಿದ್ದರು.

ಮುಂದಿನ ಭಾನುವಾರ ಪಾದ್ರಿಗಳು 'ಶನಿವಾರ, ಚರ್ಚಿನಲ್ಲಿ' ಎಂದು ಹೇಳಿದ ಮೇಲೆ ಓರನ್ ಓದಿದ: "ಹೆಂಗಸರು ಚರ್ಚಿನ ನೆಲ ತಿಕ್ಕಿ ತೊಳೆಯಬೇಕು. ಗಂಡಸರು ಬಂದು ಚಹಾ ಕುಡಿಯಬೇಕು."

ಒಂದಕ್ಷರ ತಪ್ಪಿರಲಿಲ್ಲ. ಓದಿ ಮುಗಿಸಿ ಅವನು ಬಲಗೈಗೆ ಹೇಳಿದ, ಬೇಡಿದ, ಗದರಿದ. ಅದು ಕಿಟಕಿಯ ಬೆಚ್ಚನೆ ಬಿಸಿಲಿನಲ್ಲಿ ಸುಮ್ಮನೆ ನೇತಾಡಿತು. ಕೊನೆಗೆ ಅದನ್ನು ಎತ್ತಿ ಹಿಡಿಯೋಣವೆಂದು ಎಡಗೈ ಸಹಾಯಕ್ಕೆ ಮೇಲೆದ್ದಿತು.

"ಎಡಗೈ!" ಎಂದು ಹಿಲ್ಡಾ ಆರ್ಗನ್ ಹಿಂದಿನಿಂದ ಕೂಗಿದಳು.

ಗಂಡಸರ ಬೆಂಚುಗಳಿಂದ ಒಂದು ದೀರ್ಘ ನಿಟ್ಟುಸಿರು ಎದ್ದಿತು. "ಬ್ರಷ್ ಎಲ್ಲಿಟ್ಟಿರ್ತಾರೆ?" ಎಂದು ಕಾರ್ಲ್ಟನ್ ಪಕ್ಕದವನನ್ನು ಕೇಳಿದ. ಲವೀನಿಯಳಿಗೆ ಈ ಸಲ ಪೆಪ್ಪರ್ಮೆಂಟು ಸಿಕ್ಕಿತು. ಒಂದನ್ನು ಬಾಯಿಗೆ ಹಾಕಿಕೊಂಡು ಇನ್ನೊಂದನ್ನು ಹಿಂದಿನ ಬೆಂಚಿಗೆ ದಾಟಿಸಿದಳು. ಅದು ಕೈಯಿಂದ ಕೈಗೆ ಸಾಗಿ ಹಿಲ್ಡಾಳನ್ನು ತಲುಪುವುದನ್ನು ಓರನ್ ಪೀಠದ ಮೇಲಿಂದ ನೋಡುತ್ತ ನಿಂತ. ಪೀಠ ಅವನದೇ ಆಗಿತ್ತು. ಶನಿವಾರದ ಬಕೆಟ್ಟೂ.